ಕುಳಿತ ಸೀರೆಗಳು

ಸೀರೆಗಳು ಬೀಳುತ್ತಿಲ್ಲ ಎಂಬುದೇ ಈಗ ಪೂನಮ್‌ಳ ಚಿಂತೆ. ಬಿದ್ದುಹೋಗಿದ್ದರೆ ಒಳ್ಳೆಯದಿತ್ತು ಎಂದು ತನಗೆ ತಾನೇ ಒಪ್ಪಿಕೊಂಡಳು. ಯಾರೆದುರೂ ಆಡುವ ಮಾತಲ್ಲ ಅದು.

ತನ್ನ ಕಲಾಪ್ರದರ್ಶನಕ್ಕೆಂದು ಅವಳು ಬಾಡಿಗೆಗೆ ಹಿಡಿದ ಬೆಳಗಾವಿಯ ಹಾಲ್‌ನಲ್ಲಿ ಮೂರು ಬಿಳಿ ನೂಲಿನ ಸೀರೆಗಳು ಸಾಲಾಗಿ ಕುಳಿತಿದ್ದವು. ತಲೆಯ ಮೇಲೆ ಸೆರಗು, ಮಡಚಿದ ಮೊಣಕಾಲು, ಮುಂದಕ್ಕೆ ಬಾಗಿದ ಬೆನ್ನು. ಒಳಗೆ ಮಾತ್ರ ಯಾರೂ ಇಲ್ಲ. ಖಾನಾಪುರದ ಆಯಿ, ಅಂದರೆ ಅಪ್ಪನ ತಾಯಿ ರತ್ನಮಾಲಾ, ಬಸದಿಗೆ ಉಟ್ಟುಹೋಗುವ ಮಡಿ ಸೀರೆಗಳವು. ಸೊಸೆಗೂ ಮುಟ್ಟಗೊಡದವಳು ಮೊಮ್ಮಗಳು ಕೇಳಿದಳೆಂದು ಟ್ರಂಕಿನಿಂದ ತೆಗೆದುಕೊಟ್ಟಿದ್ದಳು.

"ಅಕ್ಕಿ ಗಂಜಿ ಬಿಟ್ಟು ಮತ್ತೇನೂ ಹಚ್ಚಬ್ಯಾಡ ಮತ್ತ. ಅದೂ ಅವತ್ತಿಂದು ಅವತ್ತ. ರಾತ್ರಿ ಉಳದ ಗಂಜಿಯೊಳಗ ಜೀವ ಆಗ್ತಾವು."

ಪೂನಮ್ ಹಾಗೆಯೇ ಶುರುಮಾಡಿದ್ದಳು. ದಿನದಿನವೂ ಹೊಸ ಗಂಜಿ ಕುದಿಸುವುದು, ಸೀರೆ ಅದ್ದುವುದು, ದಿಂಬು, ಬಕೆಟ್ಟುಗಳ ಮೇಲೆ ಹೊದಿಸಿ ಒಣಗಿದ ಮೇಲೆ ಒಳಗಿನದನ್ನೆಲ್ಲ ತೆಗೆಯುವುದು. ಆದರೆ ಆಷಾಢದ ಥಂಡಿ ಗಾಳಿ ಬಿಡಬೇಕಲ್ಲ. ಸಂಜೆ ಗಟ್ಟಿಯಾಗಿ ಕುಳಿತ ಸೀರೆ ಬೆಳಗಾಗುವಷ್ಟರಲ್ಲಿ ನೆಲ ಒರೆಸುವ ಅರಿವೆಯಂತೆ ಮುದ್ದೆಯಾಗಿರುತ್ತಿತ್ತು. ಪ್ರದರ್ಶನ ಹತ್ತಿರ ಬಂದಾಗ, ಜೊತೆಗೆ ಓದಿದ ಗೆಳೆಯ ಗೌರೀಶ, ಬಡಿಗರು ಕಟ್ಟಿಗೆಗೆ ಹಚ್ಚುವ ಅಂಟು ತಂದುಕೊಟ್ಟ.

"ಸರೇಸು ಅಂತಾರ. ಬಿಸಿನೀರಾಗ ಕರಗಿಸಿ ಹಚ್ಚು. ಎಬ್ಬಿಸಿದ್ರೂ ಏಳಂಗಿಲ್ಲ ನಿನ್ನ ಸೀರಿ."

ಏಳಲಿಲ್ಲ. ಅದನ್ನು ದನದ ಚರ್ಮ, ಎಲುಬು ಕುದಿಸಿ ಮಾಡುತ್ತಾರೆಂದು ಆಮೇಲೆ ಒಂದು ದಿನ ಚಹಾ ಕುಡಿಯುತ್ತ ಅವನೇ ಹೇಳಿದ. ಅವನಿಗೆ ಅದು ದೊಡ್ಡ ಸುದ್ದಿಯೇನಲ್ಲ. ಪೂನಮ್‌ಳ ಕೈಯಲ್ಲಿದ್ದ ಚಹಾ ಹಾಗೆಯೇ ಆರಿಹೋಯಿತು.

ಇವತ್ತು ಆಯಿ ಬಂದೇಬಿಟ್ಟಳು. ಕರೆತಂದ ಅಪ್ಪ ಶ್ರೀಪಾಲ ಬಾಗಿಲಲ್ಲೇ ಶುರುಹಚ್ಚಿಕೊಂಡ.

"ಮಂದಿ ಸೀರಿ ಉಟಗೊಂಡು ಕುಂದರ್ತಾರ, ನನ್ನ ಮಗಳು ಸೀರೀನ ಕುಂದರಿಸ್ಯಾಳ. ಇವಕ್ಕೂ ಚಾ ಹೇಳ್ಬೇಕೇನು?"

"ನೀ ಸುಮ್ಮನ ನೋಡಪಾ," ಎಂದು ಆಯಿ ಮೂರಕ್ಕೂ ಒಂದು ಸುತ್ತು ಬಂದಳು. ಆಮೇಲೆ ಕೊನೆಯ ಸೀರೆಯ ಪಕ್ಕದಲ್ಲಿ ಮೆಲ್ಲಗೆ ನೆಲಕ್ಕೆ ಕುಳಿತಳು. ಅದೇ ಮೊಣಕಾಲು, ಅದೇ ಬೆನ್ನು. "ಬಸದ್ಯಾಗ ನನ್ನ ಬಾಜು ಕುಂದರತಿದ್ದವ್ರು ಒಬ್ಬೊಬ್ಬರ ಹೋಗಿಬಿಟ್ರು. ಹೊಳ್ಳಿ ಬಂದು ಕುಂತಂಗ ಆಗೇತಿ ನೋಡು."

ನೋಡಲು ಬಂದ ಹೆಂಗಸೊಬ್ಬಳು, ಇದು ಹೀಗೆ ನಿಲ್ಲುವುದಾದರೂ ಹೇಗೆ ಎಂದು ಪೂನಮ್‌ಳನ್ನು ಕೇಳಿದಳು. ಉತ್ತರ ಕೊಟ್ಟವಳು ಆಯಿ.

"ಬರೇ ಅಕ್ಕಿ ಗಂಜಿರೀ. ನಮ್ಮ ಹುಡುಗಿ ನೇಮ ಬಿಡಾಕಿ ಅಲ್ಲ."

ಪೂನಮ್ ಕಿಟಕಿಯ ಕಡೆ ನೋಡಿದಳು. ಮಳೆ ಹನಿಯುತ್ತಿತ್ತು. ಆಯಿಯನ್ನು ಕೋಟೆಯೊಳಗಿನ ಬಸದಿಗೆ ಕರೆದೊಯ್ಯಲು ಅಪ್ಪ ಆಗಲೇ ಕಾರು ತಿರುಗಿಸಲು ಹೋಗಿದ್ದ. ಇನ್ನೇನು, ಹೊರಟುಬಿಡುತ್ತಾಳೆ.

"ಪೂನಿ, ಇದೆಲ್ಲಾ ಮುಗದಮ್ಯಾಲ ಈ ನಡುವಿಂದು ತೊಳದು ಕೊಡವಾ. ಬಸದ್ಯಾಗಿನ ಎಂಟ ದಿನದ ಅಷ್ಟಾಹ್ನಿಕ ಪೂಜಿಗೆ ಅದನ್ನ ಉಟ್ಟು ಹೋಗ್ತೀನಿ. ನಿನ್ನ ಕೈಯಾಗಿಂದ ಬಂದದ್ದು."

ಬೆಚ್ಚಗಿನ ನೀರಲ್ಲಿ ನೆನೆಹಾಕಿದರೆ ಸರೇಸು ಬಿಟ್ಟುಹೋಗುತ್ತದೆ. ಕಲೆ ಉಳಿಯದು, ವಾಸನೆ ಉಳಿಯದು. ಇಸ್ತ್ರಿ ಮಾಡಿ ಕೊಟ್ಟರೆ ಯಾರಿಗೆ ಗೊತ್ತಾಗಬೇಕು? ಗೌರೀಶನಿಗೆ ನೆನಪೂ ಇರಲಿಕ್ಕಿಲ್ಲ. ಆಯಿ ಅದನ್ನುಟ್ಟು ದೇವರ ಮುಂದೆ ಹಣೆ ಹಚ್ಚುತ್ತಾಳೆ, ಪಕ್ಕದಲ್ಲಿ ತಾನು ಕೈಮುಗಿದು ನಿಂತಿರಬೇಕು. ಹೇಳಿದರೆ ಆಯಿ ಇನ್ನೆಂದೂ ಆ ಸಾಲಿನಲ್ಲಿ ಕೂರುವುದಿಲ್ಲ. ಮೊಮ್ಮಗಳನ್ನು ತನ್ನ ಬಾಜುವಿಗೆ ಕೂರಿಸಿಕೊಳ್ಳುತ್ತಾಳೋ ಇಲ್ಲವೋ.

ಹೊರಗೆ ಹಾರ್ನ್ ಕೇಳಿಸಿತು. ಆಯಿ ಏಳುವ ಮೊದಲು, ನಡುವಿನ ಸೀರೆಯ ಸೆರಗನ್ನು ಕಣ್ಣಿಗೊತ್ತಿಕೊಳ್ಳಲು ಕೈ ಚಾಚಿದಳು. ಪೂನಮ್ ಆ ಕೈ ಹಿಡಿದಳು.

"ಯಾಕವಾ?"

"ಆಯಿ, ಅದು ಗಂಜಿ ಅಲ್ಲ. ಚರ್ಮ ಕುದಿಸಿ ಮಾಡಿದ ಅಂಟು. ನಾನ ಹಚ್ಚೀನಿ."