ಬಚ್ಚಲ ಕಿಂಡಿಯ ಆಚೆ

ಬೇಸಿಗೆ ಬಂತೆಂದರೆ ರಟ್ಟೀಹಳ್ಳಿಯ ಸುಶೀಲವ್ವನ ಪಡಸಾಲೆಯಲ್ಲಿ ಓಣಿಯ ಹೆಂಗಸರು ಸೇರಿ ಶಾವಿಗೆ ಹೊಸೆಯುತ್ತಿದ್ದರು. ಯುದ್ಧದ ಸುದ್ದಿಯಿಂದ ಹಿಡಿದು ಸೊಸೆಯಂದಿರ ದೂರಿನವರೆಗೆ ಎಲ್ಲ ಮಾತೂ ಅಲ್ಲೇ. ಗಂಡ ತೀರಿಕೊಂಡ, ಮಕ್ಕಳಿಲ್ಲದ ಸುಶೀಲವ್ವನಿಗೆ ಆ ಹರಟೆಯೊಂದೇ ಆಸರೆ. ಈ ಸಲ ಬಚ್ಚಲ ಗಟಾರ ಕಟ್ಟಿಕೊಂಡು ಹೊಲಸು ನೀರು ಪಡಸಾಲೆಗೇ ಹರಿಯಿತು. ಮೂಗಿಗೆ ಸೆರಗು ಹಿಡಿದು ಎದ್ದುಹೋದ ಹೆಂಗಸರು ಮತ್ತೆ ಬರಲಿಲ್ಲ.

ಗಟಾರ ಬಳಿಯುವ ಕರೆವ್ವ ಹಿತ್ತಲ ಸಂದಿಯಲ್ಲಿ ನಿಂತು ಬಿದಿರು ಗಳ ತೂರಿಸಿ ನೋಡಿದಳು.

"ಬಚ್ಚಲಗಲ್ಲಿನ ಬುಡಕ ಕಟ್ಟೇತ್ರಿ ಅವ್ವಾರ. ಒಳಗಿಂದ ಯಾರರ ಕೈ ಹಾಕಬೇಕು."

ಹೊಲಸು ನೀರು ಮನೆಯೊಳಗೆ ಬರಬಹುದು, ಅದನ್ನು ಬಳಿಯುವ ಜಾತಿಯವಳು ಬರಬಾರದು. ಊರಿನ ಕಟ್ಟಳೆ ಅದು. ಪಕ್ಕದ ಮನೆಯ ಯಂಕವ್ವ ಗೋಡೆಯ ಮೇಲಿಂದ ಇಣುಕಿದಳು.

"ಆಕಿನ್ನ ಒಳಗ ಬಿಟ್ಟಿ ಅಂದ್ರ ನಾವ್ಯಾರೂ ನಿನ್ನ ಮನಿ ಮೆಟ್ಟಂಗಿಲ್ಲ ನೋಡು ಸುಶೀಲಾ. ನಾವೂ ಹೆಣ್ಣು ಕೊಟ್ಟು ತರೂ ಮಂದಿ." ಅವಳ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

ಸುಶೀಲವ್ವ ತಾನೇ ಸೀರೆ ಎತ್ತಿ ಕಟ್ಟಿ, ಕಲ್ಲು ಸರಿಸಿ, ಮೊಣಕೈವರೆಗೆ ಕೈ ಇಳಿಸಿದಳು. ನಾತಕ್ಕೆ "ಥೂ" ಎಂದು ಮುಖ ತಿರುಗಿಸಿದಳು. ಗೋಡೆಯ ಕಿಂಡಿಯಿಂದ ಕರೆವ್ವನ ದನಿ ಕೇಳಿಸಿತು.

"ಹೇಸಬ್ಯಾಡ್ರಿ. ನಾ ನೂಕತೇನಿ, ನೀವು ಜಗ್ಗರಿ."

ಇಬ್ಬರಿಗೂ ದಮ್ಮು ಹತ್ತಿತು. ಸುಧಾರಿಸಿಕೊಳ್ಳುತ್ತ ಕರೆವ್ವ ಕೇಳಿದಳು, "ಉಂಡೀರೇನ್ರಿ ಅವ್ವಾರ?"

ಸುಶೀಲವ್ವ ಕಿಂಡಿಯತ್ತ ತಿರುಗಿದಳು. ಹಾಗೆ ಕೇಳುವವರೇ ಇಲ್ಲವಾಗಿದ್ದರು. "ಇಲ್ಲ. ಒಬ್ಬಾಕಿ ಸಲುವಾಗಿ ಒಲಿ ಹಚ್ಚಾಕ ಮನಸ ಬರೂದಿಲ್ಲ."

"ನಂದೂ ಹಂಗ ಆಗೇತ್ರಿ, ಮಗಳು ಪ್ಲೇಗಿನಾಗ ಹೋದಾಗಿಂದ."

ಕೊನೆಗೆ ಕೂದಲು, ಚಿಂದಿಯ ಮುದ್ದೆಯೊಂದು ಕೈಗೆ ಬಂತು. ನೀರು ಸರಾಗವಾಗಿ ಇಳಿದುಹೋಯಿತು.

ಸುಶೀಲವ್ವ ಮೈ ತೊಳೆದುಕೊಂಡು ಒಲೆ ಹಚ್ಚಿ ರೊಟ್ಟಿ ಬಡಿದಳು. ಹಿತ್ತಲ ಬಾಗಿಲು ತೆರೆದು, "ಒಳಗ ಬಾ, ಕುಂತು ಉಣ್ಣು," ಎಂದಳು.

"ಬ್ಯಾಡ್ರಿ. ನಿಮಗ ಮಾತು ಬರ್ತಾವ, ನನಗ ಏಟು ಬೀಳ್ತಾವ," ಎಂದು ಕರೆವ್ವ ವಾಡಿಕೆಯಂತೆ ಸೆರಗು ಒಡ್ಡಿದಳು.

ಮೇಲಿಂದ ರೊಟ್ಟಿ ಹಾಕಲು ಹೋದ ಕೈ ಅಲ್ಲೇ ನಿಂತಿತು. ಸುಶೀಲವ್ವನಿಗೆ ನಾಚಿಕೆಯಾಯಿತು. ಎರಡು ಗಂಗಾಳದಲ್ಲಿ ರೊಟ್ಟಿ ಹಾಕಿಕೊಂಡು, ಹೊಸ್ತಿಲು ಇಳಿದು, ಸಂದಿಯ ನೆಲದ ಮೇಲೆ ಕರೆವ್ವನ ಎದುರಿಗೆ ಕುಳಿತಳು. ಇನ್ನು ಪಡಸಾಲೆಗೆ ಯಾರೂ ಬರುವುದಿಲ್ಲವೆಂದು ಗೊತ್ತಿತ್ತು.

ಗೋಡೆಯ ಮೇಲೆ ಯಂಕವ್ವನ ಮುಖ ಕಾಣಿಸಿತು. "ಏನ ಮಾಡಾಕತ್ತೀ ಸುಶೀಲಾ?"

"ಆಕಿ ಒಳಗ ಬಂದಿಲ್ಲ, ಯಂಕಕ್ಕ. ನಾನ ಹೊರಗ ಬಂದೇನಿ," ಎಂದು ಸುಶೀಲವ್ವ ಕರೆವ್ವನ ಗಂಗಾಳದಲ್ಲಿ ಇನ್ನೊಂದು ರೊಟ್ಟಿ ಇಟ್ಟಳು.