ಮೂರನೇ ಸಲ ಬಾಗಿಲು ತಟ್ಟಿದ ಲೈಬಲ್

ನಮ್ಮ ಲೈಬಲ್‌ನನ್ನು ಅಮೆರಿಕದವರೆಲ್ಲ ಲಿಯೋ ಸ್ಟರ್ನಿಕ್ ಅಂತಾರೆ. ದೊಡ್ಡ ಕಾದಂಬರಿಕಾರನಂತೆ. ಇರಲಿ, ಬೇಡ ಅಂದವರು ಯಾರು? ಅಪ್ಪ ಮೊದಲೇ ಇರಲಿಲ್ಲ, ಅವನಿಗೆ ಒಂಬತ್ತು ತುಂಬೋದರೊಳಗೆ ಅಮ್ಮನೂ ತೀರಿಹೋದಳು. ಅವನ ಮೂಗು ಒರೆಸಿ ದೊಡ್ಡವನನ್ನಾಗಿ ಮಾಡಿದವಳು ನಾನು, ಅವನಮ್ಮನ ತಂಗಿ ಗಿಟ್ಟೆಲ್. ನನಗೆ ಬೇರೆ ಮಕ್ಕಳಿಲ್ಲ. ಅಂಥವನು ಮೊದಲ ಕಾದಂಬರಿಯಲ್ಲೇ ನನ್ನ ಮಾನ ಹರಾಜು ಹಾಕಿದ.

ಅದರಲ್ಲೊಬ್ಬಳು ಚಿಕ್ಕಮ್ಮ ಬರ್ತಾಳೆ. ಅಕ್ಕ ಸತ್ತು ಸೂತಕದ ಏಳು ದಿನ ನಡೀತಿದೆ, ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಿದ್ದಾರೆ, ಮನೆಯವರು ಗಿಡ್ಡ ಸ್ಟೂಲಿನ ಮೇಲೆ ಕೂತು ಅಳ್ತಿದ್ದಾರೆ. ಈ ಮಹಾತಾಯಿ ಮಾತ್ರ ಅಡುಗೆಮನೆಯಲ್ಲಿ ನಿಂತು ಬಿದ್ದುಬಿದ್ದು ನಗ್ತಾಳೆ. ಬಾಗಿಲ ಸಂದಿಯಲ್ಲಿ ನಿಂತ ಅಕ್ಕನ ಮಗ ಅದನ್ನ ನೋಡ್ತಾನೆ. ಹೆಸರೇನೋ ಬದಲಾಯಿಸಿದ್ದ, ನನ್ನ ಎಡಗೆನ್ನೆಯ ಮಚ್ಚೆ ಹಾಗೇ ಬಿಟ್ಟಿದ್ದ. ಪಿಟ್ಸ್‌ಬರ್ಗಿನ ನಮ್ಮ ಬೀದಿಯಲ್ಲಿ ಯಾರಿಗೆ ಗೊತ್ತಾಗಲ್ಲ, ಹೇಳಿ? ನಮ್ಮ ಯೆಹೂದಿಗಳ ಪ್ರಾರ್ಥನಾಮಂದಿರ ಸಿನಗಾಗ್‌ನಲ್ಲಿ ಹೆಂಗಸರ ಸಾಲಿಗೆ ನಾನು ಹೋದರೆ ಮಾತು ಗಪ್ಪಂತ ನಿಲ್ತಿತ್ತು. ನಕ್ಕಿದ್ದು ಸುಳ್ಳಲ್ಲ, ನಕ್ಕಿದ್ದೆ. ಅದಕ್ಕೇ ಇನ್ನೂ ಹೊಟ್ಟೆ ಉರೀತಿತ್ತು.

ಯೋಮ್ ಕಿಪ್ಪೂರ್ ಅಂದರೆ ಪಾಪ ಕಳೆಯೋ ದಿನ, ಆ ಉಪವಾಸಕ್ಕೆ ಮುಂಚೆ ನಮ್ಮಲ್ಲಿ ಎಲ್ಲರೂ ತಪ್ಪೊಪ್ಪಿಕೊಳ್ಳೋಕೆ ಮನೆಮನೆಗೆ ಹೋಗ್ತಾರೆ. ದೇವರಿಗೆ ಮಾಡಿದ ತಪ್ಪನ್ನ ದೇವರು ಮನ್ನಿಸ್ತಾನೆ. ಮನುಷ್ಯರಿಗೆ ಮಾಡಿದ್ದನ್ನ ಆ ಮನುಷ್ಯರೇ ಮನ್ನಿಸಬೇಕು, ಅವನು ನಡುವೆ ಬರೋ ಹಾಗಿಲ್ಲ. ಮೂವರನ್ನ ಜೊತೆಗೆ ಕರ್ಕೊಂಡು ಹೋಗಿ ಕೇಳಬೇಕು. ಮೂರು ಸಲ ಕೇಳಿದರೂ ಒಪ್ಪದಿದ್ದರೆ ಕೇಳಿದವನು ಪಾರು, ಪಾಪ ಒಪ್ಪದವರ ತಲೆಗೆ. ಬೇರೆಯವರ ಮನೇಲಿ ಇದು ಒಂದು ವಾರದಲ್ಲಿ ಮುಗಿಯೋ ವ್ಯವಹಾರ, ನಮ್ಮನೇಲಿ ವರ್ಷಗಟ್ಟಲೆ ಎಳೀತು. ಮೊದಲನೇ ವರ್ಷ ಲೈಬಲ್ ಬಂದಾಗ ಮುಖದ ಮೇಲೇ ಬಾಗಿಲು ಹಾಕಿದೆ. ಮರುವರ್ಷ ಬಂದಾಗ ಕೂರಿಸಿ ಟೀ ಕೊಟ್ಟೆ, ಕ್ಷಮೆ ಮಾತ್ರ ಕೊಡಲಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಸಭಾಭವನದಲ್ಲಿ ಅವನ ಭಾಷಣ ಇತ್ತು. ಪ್ರಾರ್ಥನೆಗೇ ಹೋಗದವರು ನೀವು, ನಿಮ್ಮ ಬರಹದಲ್ಲಿ ಯೆಹೂದಿತನ ಎಲ್ಲಿಂದ ಬಂತು ಅಂತ ಯಾರೋ ಕೇಳಿದರು. ದೇವರೇ ದಾಟದ ಗೆರೆಯನ್ನ ಲೇಖಕ ದಾಟೋದು ಸರಿಯಲ್ಲ ಅಂದ. ತನ್ನ ಪಾತ್ರಗಳ ತಪ್ಪನ್ನ ತಾನು ಮನ್ನಿಸೋದಿಲ್ಲವಂತೆ, ನೋವು ತಿಂದವರು ಬಾಯಿ ಬಿಡೋ ತನಕ ಕಾಯ್ತಾನಂತೆ. ಅದನ್ನ ಕಲಿತಿದ್ದು ಯಾವ ಧರ್ಮಗುರು ರಬ್ಬಿಯಿಂದಲೂ ಅಲ್ಲ, ಪಕ್ಕದ ಮನೆ ಹುಡುಗಿಯನ್ನ ಆಡಿಕೊಂಡಿದ್ದಕ್ಕೆ ಚಿಕ್ಕಮ್ಮ ಕಿವಿ ಹಿಡಿದು ಅವಳ ಬಾಗಿಲಿಗೆ ಎಳ್ಕೊಂಡು ಹೋದ ದಿನ ಅಂದ. ಜನ ಚಪ್ಪಾಳೆ ಹೊಡೆದರು. ಹಿಂದಿನ ಸಾಲಲ್ಲಿ ಕೂತಿದ್ದ ನನಗೆ ಹೆಮ್ಮೆಯಾಯ್ತು, ಯಾಕೆ ಸುಳ್ಳು ಹೇಳಲಿ. ಸಿಟ್ಟೂ ಇಳಿಯಲಿಲ್ಲ.

ಮೂರನೇ ವರ್ಷ ಉಪವಾಸದ ಹಿಂದಿನ ಮಧ್ಯಾಹ್ನ ಕೋಳಿ ಸಾರಿಗೆ ಮಾಂಸದ ಕಡುಬು ಬಿಡ್ತಿದ್ದೆ, ಬಾಗಿಲು ತಟ್ಟಿದ. ಜೊತೆಗೆ ಬುಕ್ ಬೈಂಡರ್, ಸಿನಗಾಗ್ ಕಾಯೋ ಮುದುಕ, ಮೀನಂಗಡಿ ಕಪ್ನರ್. ಹೊತ್ತು ಮುಳುಗಿ ಉಪವಾಸ ಶುರುವಾಗೋಕೆ ಮುಂಚೆ ಮನೆ ಸೇರಿ ಉಣ್ಣಬೇಕು ಅಂತ ಮೂವರೂ ಚಡಪಡಿಸ್ತಿದ್ದರು. ಈಗಲೂ ಇಲ್ಲ ಅಂದರೆ ಇನ್ನು ಅವನು ಬರಬೇಕಾಗಿಲ್ಲ. ತಾನಿರೋ ನ್ಯೂಯಾರ್ಕಿಗೆ ಹೊರಟುಹೋಗ್ತಾನೆ, ನನಗಿರೋ ಒಬ್ಬನೂ ಕೈತಪ್ಪಿ ಹೋಗ್ತಾನೆ. ಹ್ಞೂಂ ಅಂದುಬಿಡೋಣ ಅಂದರೆ ಮನಸ್ಸು ಒಪ್ತಿಲ್ಲ. ಅವನೊಬ್ಬನನ್ನ ಒಳಗೆ ಬಿಟ್ಕೊಂಡು, ಮೂವರಿಗೂ ಕೆಳಗೆ ಮೆಟ್ಟಿಲ ಹತ್ತಿರ ನಿಂತಿರಿ ಅಂದು ಬಾಗಿಲು ಹಾಕಿದೆ.

"ಮೂರು ಸಲ ಬಂದೆ. ಯಾಕೆ ನಕ್ಕೆ ಚಿಕ್ಕಮ್ಮ ಅಂತ ಒಂದ್ ಸಲ ಆದ್ರೂ ಕೇಳಿದ್ಯೇನೋ?"

ಕುರ್ಚಿ ಎಳೆದು ಕೂತ. ಅಷ್ಟೊಂದು ಬರೆದ ಮನುಷ್ಯ, ನೆಲ ನೋಡ್ತಾ ಕೂತ.

"ಯಾಕೆ ನಕ್ಕೆ?" ಅಂದ ಕೊನೆಗೆ.

ಹೇಳಿದೆ. ಕಪ್ನರನ ಹೆಂಡತಿ ಬೇಲಾ, ಬೀದಿಯಲ್ಲಿ ಯಾರು ಸತ್ತರೂ ಶಾವಿಗೆಗೆ ಮೊಟ್ಟೆ ಕಲಸಿ ಕುಗಲ್ ಬೇಯಿಸಿ ತರ್ತಾಳೆ. ಬಂಗಾರದಂಥ ಮನಸ್ಸು, ಕುಗಲ್ ಮಾತ್ರ ಇಟ್ಟಿಗೆ. ಆಸ್ಪತ್ರೆಯಲ್ಲಿ ಅಕ್ಕ ನನ್ನ ಕೈ ಹಿಡ್ಕೊಂಡು, ಈ ಸಲ ನಾನು ತಪ್ಪಿಸ್ಕೊಂಡೆ ಗಿಟ್ಟೆಲ್, ನನ್ನ ಪಾಲೂ ನೀನೇ ತಿನ್ನಬೇಕು ಅಂದಿದ್ದಳು. ಸೂತಕದ ಮೂರನೇ ದಿನ ಬೇಲಾ ಕಣ್ಣೊರೆಸ್ಕೊಳ್ತಾ ಟ್ರೇ ಹಿಡಿದು ಬಂದಳು. ಅಡುಗೆಮನೆಗೆ ಓಡಿದೆ. ಅಕ್ಕ ಪಕ್ಕದಲ್ಲೇ ನಿಂತು ತಿವಿದ ಹಾಗಾಯ್ತು. ಇದನ್ನ ಹೇಳಿಕೊಂಡಿದ್ದರೆ ನನ್ನ ಮಾನ ಉಳೀತಿತ್ತು, ಬೇಲಾಳದ್ದು ಹೋಗ್ತಿತ್ತು. ಒಬ್ಬರನ್ನ ನಾಲ್ಕು ಜನರ ಮುಂದೆ ತಲೆ ತಗ್ಗಿಸೋ ಹಾಗೆ ಮಾಡೋದು ನಮ್ಮಲ್ಲಿ ಕೊಲೆಗೆ ಸಮ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ.

ಲೈಬಲ್ ಮೊದಲು ನಕ್ಕ, ಆಮೇಲೆ ಅತ್ತ. ನನಗೂ ತಡೆಯೋಕಾಗಲಿಲ್ಲ. ತಪ್ಪಾಯ್ತು ಅಂದ, ಈ ಸಲ ಯಾವ ತಪ್ಪು ಅಂತ ಗೊತ್ತಿದ್ದು ಅಂದ. ಬೇಲಾ ಬದುಕಿರೋ ತನಕ ಇದನ್ನ ಬರೆದರೆ ಕೈ ಮುರೀತೀನಿ ಅಂದೆ. ಮೂವರನ್ನೂ ಮೇಲೆ ಕರೆದು ಅವರೆದುರೇ ಕ್ಷಮಿಸಿದೀನಿ ಅಂದೆ. ಕಣ್ಣು ಯಾಕೆ ಹೀಗಾಗಿದೆ ಅಂತ ಕಪ್ನರ್ ವಿಚಾರಿಸಿದ, ಈರುಳ್ಳಿ ಅಂತ ಹೇಳಿ ಕಳಿಸಿದೆ.

ನಾವಿಬ್ಬರೇ ಊಟಕ್ಕೆ ಕೂತ್ವಿ. ಎಷ್ಟೋ ವರ್ಷದ ಮೇಲೆ ಆ ಮೇಜಿನ ಮೇಲೆ ಎರಡು ತಟ್ಟೆ. ಎರಡು ಕಡುಬು ತಿಂದವನು ನಿಲ್ಲಿಸಿ, ಅಮ್ಮನ ಮುಖ ಫೋಟೋದಲ್ಲಿದೆ, ದನಿ ಮಾತ್ರ ಎಷ್ಟು ಹುಡುಕಿದರೂ ನೆನಪಾಗಲ್ಲ ಅಂದ.

"ಅವಳು ಹೇಗೆ ನಗ್ತಿದ್ಲು, ಚಿಕ್ಕಮ್ಮ?"

"ನಮ್ಮಿಬ್ಬರದ್ದೂ ಒಂದೇ ನಗು ಕಣೋ. ಬಾಗಿಲ ಸಂದೀಲಿ ನಿಂತು ಕೇಳಿಸ್ಕೊಂಡ್ಯಲ್ಲ, ಅದೇ. ಚೆನ್ನಾಗೇ ಬರ್ದಿದೀಯ."