ಸದ್ದಿಲ್ಲದ ಗಾಡಿ

ವ್ಯಾನಿನ ಹಿಂಬಾಗಿಲ ಸಂದಿಯಲ್ಲಿ ಸಿಗರೇಟು ಸುತ್ತುವ ತೆಳುಗಾಗದದ ಒಂದು ಚೂರನ್ನಿಟ್ಟು, ಬಾಗಿಲು ಮುಚ್ಚಿ, ಹೊರಗುಳಿದ ತುದಿಯನ್ನು ಶ್ರೀಧರ್ ಎರಡು ಬೆರಳಲ್ಲಿ ಹಿಡಿದು ಎಳೆದರು. ಕಾಗದ ಹರಿಯಿತೇ ಹೊರತು ಜಾರಲಿಲ್ಲ.

"ಪಾಸ್" ಎಂದರು, ತಮಗೆ ತಾವೇ.

ಜೀವಮಾನದಲ್ಲಿ ಒಂದು ಸಿಗರೇಟೂ ಸೇದದ ಅವರ ಅಂಗಿಯ ಜೇಬಿನಲ್ಲಿ ಆ ಕಾಗದದ ಕಟ್ಟು ಸದಾ ಇರುತ್ತಿತ್ತು. ಸರ್ಕಾರಿ ಯಂತ್ರ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಕೂದಲು ನರೆಸಿಕೊಂಡವರು ಅವರು. ಎರಡು ಲೋಹಗಳು ಕೂಡುವಲ್ಲಿ ಈ ಕಾಗದ ಜಾರಿ ಬಂದರೆ ಕೆಲಸ ತಿರಸ್ಕೃತ, ಹರಿದರೆ ಅಂಗೀಕೃತ. ಇನ್ನು ಸದ್ದಿನ ವಿಷಯ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಓಡುವ ಯಂತ್ರಕ್ಕೆ ತಾಗಿಸಿ, ಅದರ ಹಿಡಿಯನ್ನು ಕಿವಿಗೊತ್ತಿ, ಒಳಗಿನ ಬೇರಿಂಗಿನ ಯಾವ ಗುಂಡು ಸವೆದಿದೆ ಎಂದು ಹೇಳಬಲ್ಲವರಾಗಿದ್ದರು. ನಿವೃತ್ತಿಯ ನಂತರ ಕಿವಿ ಉಳಿಯಿತು, ಕೇಳಬೇಕಾದ ಯಂತ್ರಗಳು ಉಳಿಯಲಿಲ್ಲ.

ರಾಜಗೋಪಾಲನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಆ ಶೆಡ್ಡು ಆವಲಪ್ಪನದು. ಒಂದು ಮೂಲೆಯನ್ನು ಶ್ರೀಧರ್ ಅವರಿಗೆ ಬಿಟ್ಟುಕೊಟ್ಟು, ದಿನಕ್ಕೊಮ್ಮೆ ಬಂದು ಕೆಣಕಿ ಹೋಗುವುದು ಅವನ ಪರಿಪಾಠ.

"ಏನ್ ಸಾರ್, ಸೊಳ್ಳೆ ಒಳಕ್ ಬರ್ಬೇಕಂದ್ರೂ ಗೇಟ್ ಪಾಸ್ ತರ್ಬೇಕಾ?"

"ಸಂದಿ ಇದ್ದಲ್ಲೇ ಕಣಯ್ಯ ಸದ್ದು ಹುಟ್ಟೋದು."

"ಅದ್ ಸರಿ ಬುಡಿ. ನೆನ್ನೆ ಮೇಡಂ ಬಂದಿದ್ರು. ಯುಗಾದಿಗೆ ಗಾಡಿ ರೆಡಿ ಅಂತ ಸಾರ್ ಅಂದಿದ್ರು, ಯಾವ್ ವರ್ಷದ್ ಯುಗಾದಿ ಅಂತ ಕೇಳ್ಕೊಂಡ್ ಹೋಗಣ ಅಂತ ಬಂದೆ, ಅಂದ್ರು."

ಶ್ರೀಧರ್ ನಗಲಿಲ್ಲ. ಯುಗಾದಿ ಕಳೆದು ಬಹಳ ದಿನಗಳಾಗಿದ್ದವು. ಶೆಡ್ಡಿನ ಎದುರಿನ ಹೊಂಗೆ ಹೂ ಉದುರಿಸಿ ಮುಗಿಸಿತ್ತು.

ಅದು ಒಂದು ಕಾಲಕ್ಕೆ ಹಳ್ಳಿಹಳ್ಳಿಗೆ ಹೋಗಿ ಕಣ್ಣು ಪರೀಕ್ಷಿಸುತ್ತಿದ್ದ ವ್ಯಾನು. ಯಾವುದೋ ಧರ್ಮಸಂಸ್ಥೆ ಬಳಸಿ ಬಿಟ್ಟದ್ದನ್ನು ಶ್ರೀಧರ್ ಕೊಂಡು, ಮಂಚ, ಒಲೆ, ಕೈತೊಳೆಯುವ ಬೋಗುಣಿ ಜೋಡಿಸಿ, ಚಕ್ರದ ಮೇಲಿನ ಮನೆ ಮಾಡಿದ್ದರು. ಚಾಲಕನ ಕ್ಯಾಬಿನ್ನಿಗೂ ಹಿಂದಿನ ಕೋಣೆಗೂ ನಡುವೆ ತಗಡಿನ ಗೋಡೆ; ಅದರಲ್ಲಿ ಒಂದು ಅಂಗೈಯಗಲದ ಕಿಂಡಿ. ಒಳಗೋಡೆಯ ಬಣ್ಣ ಕೆರೆಯುವಾಗ ಮರದ ಹಲಗೆಯ ಮೇಲೆ ಕನ್ನಡದ ಅಕ್ಷರಗಳು ಕಂಡವು: ಮೇಲೆ ಅಂಗೈಯಷ್ಟು ದೊಡ್ಡವು, ಕೆಳಗಿಳಿದಂತೆ ಸಾಸಿವೆಯಷ್ಟಾಗುವವು. ಅಳಿಸಲು ಮನಸ್ಸಾಗದೆ ಬಿಟ್ಟಿದ್ದರು. ಎಷ್ಟು ಜನ ಈ ಗೋಡೆಯ ಮುಂದೆ ನಿಂತು, ಒಂದು ಕಣ್ಣು ಮುಚ್ಚಿಕೊಂಡು, ತಾವು ಕಾಣಬಲ್ಲ ಲೋಕದ ಕೊನೆಯ ಸಾಲನ್ನು ತಡವರಿಸಿದ್ದಾರು ಎಂದು ಅವರಿಗೆ ಆಗಾಗ ಕುತೂಹಲವಾಗುತ್ತಿತ್ತು.

ಪ್ರಯಾಣದ ಯೋಜನೆ ಮಾತ್ರ ಅವರ ಹೆಂಡತಿ ಊರ್ಮಿಳಾ ಅವರದು. ಕಾರ್ಖಾನೆಯ ಶಾಲೆಯಲ್ಲಿ ಭೂಗೋಳ ಕಲಿಸಿದವರು. ಕಪ್ಪುಹಲಗೆಯ ಮೇಲೆ ಕೃಷ್ಣೆಯನ್ನು ನೀಲಿ ಸೀಮೆಸುಣ್ಣದಲ್ಲೂ ಭೀಮೆಯನ್ನು ಬಿಳಿಯದರಲ್ಲೂ ಬರೆದು, ರಾಯಚೂರಿನಾಚೆ ಎರಡನ್ನೂ ಕೂಡಿಸುತ್ತಿದ್ದರು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದ್ದಳು: "ಮಿಸ್, ಸೇರಿದ ತಕ್ಷಣ ಕಲೆತು ಹೋಗತ್ತಾ, ಇಲ್ಲ ಸ್ವಲ್ಪ ದೂರ ಪಕ್ಕಪಕ್ಕ ಬೇರೆಬೇರೇನೇ ಹೋಗತ್ತಾ?" ಊರ್ಮಿಳಾ ಅವರ ಕೈಯ ಸೀಮೆಸುಣ್ಣ ಹಲಗೆಯ ಮೇಲೆ ನಿಂತುಬಿಟ್ಟಿತ್ತು. ನೋಡಿಕೊಂಡು ಬಂದು ಹೇಳುತ್ತೇನೆ ಎಂದಿದ್ದರು. ಶಾಲೆಯೇ ಮುಚ್ಚಿತು, ನೋಡುವುದು ಬಾಕಿ ಉಳಿಯಿತು. ಬೇಸಗೆಯಲ್ಲಿ, ನೀರಿಳಿದು ನದಿಗಳು ತಮ್ಮತಮ್ಮ ಬಣ್ಣ ತೋರುವಾಗಲೇ ಹೋಗಬೇಕು ಎಂಬುದು ಅವರ ಲೆಕ್ಕ. ಮಳೆ ಬಿದ್ದರೆ ಎಲ್ಲವೂ ಒಂದೇ ಕೆಂಪು. ದಾರಿಯಲ್ಲಿ ಕೂಡಲಿ, ಗಳಗನಾಥಗಳ ಸಂಗಮಗಳನ್ನೂ ನೋಡಿಕೊಂಡು, ಇಡೀ ಬೇಸಗೆ ನದಿಗಳ ಜೊತೆಗೇ ಕಳೆಯುವುದೆಂದು ಅವರು ಬರೆದ ದಾರಿಯ ನಕ್ಷೆಯನ್ನು, ಗಾಡಿಯ ಸದ್ದಡಗಿಸುವ ಹುಚ್ಚಿನಲ್ಲಿ ಹೊರಡುವುದನ್ನು ಮುಂದೂಡುತ್ತ ಶ್ರೀಧರ್ ದಿನದಿನವೂ ಮೊಟಕು ಮಾಡುತ್ತ ಬಂದಿದ್ದರು. ಈಗ ಉಳಿದದ್ದು ಕೃಷ್ಣೆ ಭೀಮೆಯರಷ್ಟೇ.

ಕೇರಳಕ್ಕೆ ಈ ಸಲ ಮಳೆ ಬೇಗ ಎಂದು ಸುದ್ದಿಯಲ್ಲಿ ಬಂದ ಮರುದಿನ ಅವರು ಹೊರಟರು.

ಟಿ. ದಾಸರಹಳ್ಳಿಯಲ್ಲಿ ಬೆಳಗಿನ ಪಾಳಿಯವರು ಡಬ್ಬಿ ಹಿಡಿದು ರಸ್ತೆ ದಾಟುತ್ತಿದ್ದರು. ನಾಗಸಂದ್ರದ ಮೆಟ್ರೋ ಕಂಬಗಳ ನೆರಳು ಗಾಜಿನ ಮೇಲೆ ಹಾದುಹೋಗುತ್ತಿತ್ತು. ಗಾಡಿ ಉಸಿರು ಬಿಗಿಹಿಡಿದಂತೆ ಮೌನವಾಗಿತ್ತು. ಶ್ರೀಧರ್ ಪಕ್ಕದಲ್ಲಿದ್ದ ಹೆಂಡತಿಯನ್ನು ಹೆಮ್ಮೆಯಿಂದ ನೋಡಿದರು.

"ಕೇಳಿಸ್ತಾ?"

"ಏನೂ ಇಲ್ವಲ್ಲ."

"ಅದೇ."

ಆಗ, ಕಿಂಡಿಯ ಆಚೆ ಎಲ್ಲಿಯೋ, ಟಿಕ್ ಎಂದಿತು.

ನೆಲಮಂಗಲದಲ್ಲಿ ನಿಲ್ಲಿಸಿ ಒಲೆಯ ಅಡಿ ನೋಡಿದರು. ದಾಬಸ್‌ಪೇಟೆಯಲ್ಲಿ ಮಂಚದ ಕಾಲಿಗೆ ಉಣ್ಣೆಯ ಪಟ್ಟಿ ಸುತ್ತಿದರು. ತುಮಕೂರು ದಾಟಿದ ಮೇಲೆ ಬಾಗಿಲಿಗೆ ಇನ್ನೊಂದು ಸುತ್ತು ಪಟ್ಟಿ ಒತ್ತಿ, ಕಿಟಕಿಗಳ ಚೌಕಟ್ಟಿನ ತಿರುಪುಗಳನ್ನು ಮತ್ತಷ್ಟು ಬಿಗಿದರು. ಪ್ರತಿ ಸಲವೂ ಸದ್ದು ನಿಂತಂತಾಗಿ, ಮರುಕ್ಷಣ ನೆನಪಾದಂತೆ ಮತ್ತೆ ಟಿಕ್ ಎನ್ನುತ್ತಿತ್ತು. ಒಂದು ದಿನದ ದಾರಿಯ ಅರ್ಧವೂ ಸಾಗದೆ ಶಿರಾದಲ್ಲಿ ರಾತ್ರಿ ಉಳಿಯಬೇಕಾಯಿತು.

ಬೆಳಿಗ್ಗೆ ಊರ್ಮಿಳಾ ಕಾಫಿ ಲೋಟವನ್ನು ಅವರ ಕೈಗಿಟ್ಟು, ಪಶ್ಚಿಮದ ಕಡೆ ಕಾಣುತ್ತಿದ್ದ ಬೂದು ಮೋಡವನ್ನು ನೋಡಿದರು.

"ರೀ, ನೀವು ಇನ್ನೊಂದ್ಸಲ ಈ ಸದ್ದಿಗೋಸ್ಕರ ನಿಲ್ಸಿದ್ರೆ ನಾನು ಬಸ್ ಹತ್ತೀನಿ."

"ಬೆಂಗ್ಳೂರಿಗಾ?"

"ಬೆಂಗ್ಳೂರಿಗ್ಯಾಕೆ? ರಾಯಚೂರಿಗೆ. ನೀವು ನಿಧಾನವಾಗಿ ಹುಡುಕ್ಕೊಂಡು ಬನ್ನಿ. ಮಳೆಗಾಲ ಮುಗಿಯೋಷ್ಟ್ರಲ್ಲಿ ಸಿಗ್ಬಹುದು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಶ್ರೀಧರ್ ಅವರಿಗೆ ದಿಗಿಲು ಹುಟ್ಟಿಸಿತು. ತಾವಿಲ್ಲದೆ ಆಕೆ ಆ ನೀರಿನ ಮುಂದೆ ನಿಲ್ಲುವ ಚಿತ್ರ, ಯಾವುದೋ ಊರಿನ ಬಸ್‌ನಿಲ್ದಾಣದಲ್ಲಿ ಆಕೆ ಒಬ್ಬಳೇ ಕೂತಿರುವ ಚಿತ್ರ, ಎರಡೂ ಒಟ್ಟಿಗೆ ಕಂಡವು. ಲೋಟ ಬರಿದು ಮಾಡಿ ಗಾಡಿ ಹೊರಡಿಸಿದರು. ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಚಳ್ಳಕೆರೆಯ ಕಡೆ ತಿರುಗಿದ ಮೇಲೂ ನಿಲ್ಲಿಸಲಿಲ್ಲ. ಆದರೆ ಪ್ರತಿ ಟಿಕ್ಕಿಗೂ ಅವರ ಹುಬ್ಬು ಕುಣಿಯುತ್ತಿತ್ತು. ನೋಡಿ ನೋಡಿ ಊರ್ಮಿಳಾ ಅವರೇ ಸೋತರು.

"ಸರಿ, ಒಂದ್ಸಲ ನಿಲ್ಸಿ. ನಾನು ಹಿಂದೆ ಕೂತ್ಕೋತೀನಿ. ನಿಮ್ಮ ಸ್ಕ್ರೂಡ್ರೈವರ್ ಕೊಡಿ. ಎಲ್ಲಿಂದ ಬರತ್ತೆ ಅಂತ ಕೇಳಿ ಹೇಳ್ತೀನಿ. ಆಮೇಲೆ ಈ ವಿಷಯ ಎತ್ಕೂಡದು."

ಹಿಂದಿನ ಕೋಣೆಯಲ್ಲಿ ಅವರು ಕೂತರು. ಬಾಗಿಲು ಮೆತ್ತಗೆ, ಒಪ್ಪವಾಗಿ ಮುಚ್ಚಿಕೊಂಡಿತು. ಗಾಡಿ ಒಂದಷ್ಟು ದೂರ ಓಡಿದ ಮೇಲೆ ಕಿಂಡಿಯಿಂದ "ಸಿಕ್ತು, ನಿಲ್ಸಿ" ಎಂಬ ದನಿ ಬಂತು. ರಸ್ತೆಯಂಚಿನಲ್ಲಿ ಒಂದು ಹುಣಿಸೆಮರವಿತ್ತು. ನೆರಳಿನ ಆಸೆಗೆ ಶ್ರೀಧರ್ ಗಾಡಿಯನ್ನು ಓರೆಯಾಗಿ ಇಳಿಸಿದರು. ಮುಂದಿನ ಒಂದು ಚಕ್ರ ಬೇರಿನ ದಿಬ್ಬ ಹತ್ತಿತು, ಹಿಂದಿನ ಒಂದು ಚಕ್ರ ಕಾಲುವೆಯ ತಗ್ಗಿಗೆ ಇಳಿಯಿತು. ಇಳಿದು ಹೋಗಿ ಬಾಗಿಲ ಹಿಡಿ ತಿರುಗಿಸಿದರು.

ಬಾಗಿಲು ತೆರೆಯಲಿಲ್ಲ.

ಹೆಗಲು ಕೊಟ್ಟರು. ಒಳಗಿನಿಂದ ಊರ್ಮಿಳಾ ತಳ್ಳಿದರು. ಕಿಟಕಿಗಳೆಲ್ಲ ತಾವೇ ಬಿಗಿದ ತಿರುಪುಗಳಿಂದ ಮುದ್ರೆಯೊತ್ತಿದಂತಿದ್ದವು. ಮಧ್ಯಾಹ್ನದ ಬಿಸಿಲು ಹುಣಿಸೆಯ ಎಲೆಗಳ ನಡುವೆ ತಗಡಿನ ಮೇಲೆ ಬೀಳುತ್ತಿತ್ತು. ಸಂದಿಗೆ ಚಾಕುವಿನ ಮೊನೆ ತೂರಿಸಲು ನೋಡಿದರು. ಕಾಗದಕ್ಕೇ ದಾರಿ ಕೊಡದ ಸಂದಿ ಚಾಕುವಿಗೆ ಎಲ್ಲಿಂದ ಕೊಟ್ಟೀತು? ತಮ್ಮ ಕೈಕೆಲಸ ತಮ್ಮೆದುರೇ ಅಷ್ಟು ನಿಷ್ಠೆಯಿಂದ ನಿಂತದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲ.

ಕೊನೆಗೆ ಅವರು ಬಾಗಿಲಿಗೆ ಬಡಿದ ಸುತ್ತಿಗೆಯ ಸದ್ದಿಗೆ, ಬೀಳುಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ಕೋಲೂರಿಕೊಂಡು ಬಂದಳು.

"ವಳಗ್ ಯಾರ್ನ ಕೂಡಾಕಿದೀಯಪ್ಪ?"

"ನಮ್ಮನೆಯವ್ರು."

"ಯಾಕೆ, ಓಡೋಗ್ತಾರಾ?"

"ರಾಯಚೂರಿಗೆ ಹೋಗ್ತೀನಿ ಅಂದಿದ್ದೆ ಕಣಮ್ಮ, ಅದಕ್ಕೇ," ಎಂದರು ಕಿಂಡಿಯೊಳಗಿಂದ ಊರ್ಮಿಳಾ. ದನಿಯಲ್ಲಿ ತಮಾಷೆಯಿತ್ತು, ಉಸಿರಿನಲ್ಲಿ ಇರಲಿಲ್ಲ. ಶ್ರೀಧರ್ ಅದನ್ನು ಕೇಳಿಸಿಕೊಂಡರು. ಅಂಥದನ್ನು ಕೇಳಲೆಂದೇ ಪಳಗಿದ ಕಿವಿ ಅದು.

ಓಡಿಹೋಗಿ ಕ್ಯಾಬಿನ್ನಿನೊಳಗೆ ಹತ್ತಿ, ನೀರಿನ ಬಾಟಲಿಯನ್ನು ಕಿಂಡಿಯಲ್ಲಿ ತೂರಿಸಿದರು. "ಕುಡಿ. ಮುಖಕ್ಕೆ ಹಾಕ್ಕೋ. ನಾನು ಗಾಜು ಒಡೀತೀನಿ."

"ತಡೀರಿ. ಬೋಗುಣೀಲಿ ನೀರಿದೆ. ಎಡಗಡೆ ಅಂಚಿಗೆ ಬಂದುಬಿಟ್ಟಿದೆ."

"ಈಗ ಯಾಕೆ ಅದು?"

"ಕೇಳಿ ಮೊದ್ಲು. ಹಿಂದೆ ಬಾಗಿಲ ಹತ್ರ ತಪ್ಪಲೆ ಇದೆ. ಅದ್ರ ನೀರು ಬಲಗಡೆ ಅಂಚಿಗೆ ಬಂದಿದೆ. ಮುಂದಿನದು ಎಡಕ್ಕೆ, ಹಿಂದಿನದು ಬಲಕ್ಕೆ. ಒಂದೇ ಗಾಡೀಲಿ ಅದು ಹೇಗ್ರೀ?"

ಶ್ರೀಧರ್ ಅವರ ಕೈ ಕಿಂಡಿಯಂಚಿನಲ್ಲೇ ನಿಂತಿತು.

"ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡ್ಕೊಂಡಿದೆ ಈ ನಿಮ್ಮ ಗಾಡಿ," ಎಂದರು ಊರ್ಮಿಳಾ. "ಬಾಗಿಲ ಚೌಕಟ್ಟೂ ತಿರುಚ್ಕೊಂಡು ಬಾಗಿಲನ್ನ ಕಚ್ಚಿದೆ, ಅದ್ರ ತಂಟೆಗೆ ಹೋಗ್ಬೇಡಿ. ಗಾಡಿ ಸಮ ಇರೋ ಕಡೆಗೆ ತೊಗೊಳ್ಳಿ."

ಕಾರ್ಖಾನೆಯಲ್ಲಿ ಯಂತ್ರಗಳು ಕಾಂಕ್ರೀಟಿನ ಹಾಸಿನ ಮೇಲೆ ನಿಂತಿರುತ್ತಿದ್ದವು. ಭೂಮಿ ಅಲ್ಲಾಡುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಅಲ್ಲಿನ ಎಲ್ಲ ಅಳತೆ. ಮನೆಯನ್ನು ಚಕ್ರದ ಮೇಲೆ ಏರಿಸಿದ ಮೇಲೂ ಆ ಹಾಸಿನ ಮೇಲಿದ್ದಂತೆಯೇ ಅಳೆದಿದ್ದೆನಲ್ಲ ಎಂಬುದು, ಇಂಜಿನ್ನು ಶುರುವಾಗುವ ಒಳಗೆ ಅವರಿಗೆ ಹೊಳೆದಿತ್ತು. ಗಾಡಿ ಮುಲುಗುತ್ತ ದಿಬ್ಬ ಇಳಿಯಿತು, ತಗ್ಗಿನಿಂದ ಮೇಲೆದ್ದಿತು, ಡಾಂಬರಿನ ಮೇಲೆ ನೇರ ನಿಂತಿತು. ಹಿಂದೆ, ಯಾರೂ ಮುಟ್ಟದೆ, ಬಾಗಿಲು ನಿಟ್ಟುಸಿರಿನಂತೆ ಸಡಿಲವಾಗಿ ತೆರೆದುಕೊಂಡಿತು.

ಊರ್ಮಿಳಾ ಇಳಿದು ಬಂದು ಹುಣಿಸೆಯ ಬುಡದಲ್ಲಿ ಕೂತರು. ಸೆರಗಿನಿಂದ ಕತ್ತು ಒರೆಸಿಕೊಂಡರು. ಕುರಿಯ ಹೆಂಗಸು ತನ್ನ ಬುತ್ತಿಯ ಮಜ್ಜಿಗೆಯನ್ನು ಅವರಿಗೆ ಬಗ್ಗಿಸಿ ಕೊಟ್ಟು, ಶ್ರೀಧರ್ ಅವರ ಕಡೆ ತಿರುಗಿಯೂ ನೋಡದೆ ಕುರಿಗಳ ಹಿಂದೆ ಹೋದಳು.

ಶ್ರೀಧರ್ ಚಾಕು ಹಿಡಿದು, ಬಾಗಿಲ ಅಂಚಿನ ಉಣ್ಣೆಯ ಪಟ್ಟಿಗಳನ್ನೆಲ್ಲ ಕೆರೆದು ಕಿತ್ತರು. ಅಂಚನ್ನು ಅರದಿಂದ ತಿಕ್ಕಿದರು. ಕಿಟಕಿಗಳ ತಿರುಪುಗಳನ್ನು ಒಂದೊಂದಾಗಿ ಸಡಿಲಿಸತೊಡಗಿದರು.

"ಎಲ್ಲಿ ಸಿಕ್ತು ಅಂತ ಕೇಳೋದಿಲ್ವಾ?" ಎಂದರು ಊರ್ಮಿಳಾ ಕೊನೆಗೆ.

"ಬೇಡ."

"ಅಕ್ಷರದ ಹಲಗೆ ಹಿಂದೆ."

ಕೇಳದವರಂತೆ ಇನ್ನೆರಡು ತಿರುಪು ಸಡಿಲಿಸಿದ ಶ್ರೀಧರ್, ತಡೆಯಲಾರದೆ ಎದ್ದುಹೋಗಿ ಹಲಗೆ ಬಿಚ್ಚಿದರು. ಹಲಗೆಯ ಹಿಂದಿನ ಟೊಳ್ಳಿನಿಂದ ಅಂಚಿಗೆ ತಗಡಿನ ಬಳೆಯಿದ್ದ ಒಂದು ದುಂಡು ಮಸೂರ ಉರುಳಿ ಅವರ ಅಂಗೈಗೆ ಬಂತು. ಕಣ್ಣಿನ ಡಾಕ್ಟರರು ಒಂದಾದ ಮೇಲೊಂದು ಹಾಕಿ, ಈಗ ಹೇಗೆ, ಈಗ ಹೇಗೆ, ಎಂದು ಕೇಳುವಂಥದು. ಯಾವ ಊರಿನಲ್ಲಿ ಯಾರ ಕಣ್ಣಿನ ಮುಂದಿನಿಂದ ಜಾರಿ ಬಿದ್ದದ್ದೋ. ಅದನ್ನು ತೆರೆದ ಬಾಗಿಲ ಬೆಳಕಿಗೆ ಹಿಡಿದರು. ಅಂಗೈಯಲ್ಲಿ ಹುಣಿಸೆಮರವೊಂದು ತಲೆಕೆಳಗಾಗಿ ನಿಂತಿತು. ಊರ್ಮಿಳಾ ಎದ್ದು ಬಂದರು; ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು.

ಮಸೂರವನ್ನು ಊರ್ಮಿಳಾ ಪರ್ಸಿಗೆ ಹಾಕಿಕೊಂಡರು. ಗಾಡಿ ಹೊರಟಿತು. ಪಟ್ಟಿ ಕಿತ್ತ ಬಾಗಿಲು ಗಡಗಡ ಎಂದಿತು, ಕಿಟಕಿಗಳು ಹಲ್ಲು ಕಡಿದವು, ಪಾತ್ರೆಗಳು ತಮ್ಮತಮ್ಮಲ್ಲಿ ಮಾತಿಗಿಳಿದವು. ಅದೆಲ್ಲದರ ನಡುವೆ, ಸ್ಪಷ್ಟವಾಗಿ, ಟಿಕ್.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಅದಲ್ಲ ಅಂತಾಯ್ತು," ಎಂದು ಊರ್ಮಿಳಾ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಶ್ರೀಧರ್ ಗೇರು ಬದಲಿಸಿದರು. ಬಳ್ಳಾರಿಯಲ್ಲಿ ನಿಲ್ಲಿಸಿದ್ದು ಊಟಕ್ಕೆ, ಮಲಗುವುದಕ್ಕೆ. ಸದ್ದಿಗಲ್ಲ.

ಸಂಗಮ ಊರ್ಮಿಳಾ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಂತೆ ಇರಲಿಲ್ಲ. ಭೀಮೆ ಅಗಲವಾದ ಮರಳಿನ ಹಾಸಿನಲ್ಲಿ ಮಾಸಲು ಬಣ್ಣದ ಒಂದು ಹರಿವಾಗಿ ಬರುತ್ತಿತ್ತು. ಕೃಷ್ಣೆ ಬಂಡೆಗಳ ನಡುವೆ ಹಸಿರಾಗಿ, ತನ್ನ ಪಾಡಿಗೆ ತಾನು. ಪಶ್ಚಿಮದಲ್ಲಿ ಮೋಡ ಕಪ್ಪಾಗಿತ್ತು. ಊರ್ಮಿಳಾ ಚಪ್ಪಲಿ ಕೈಯಲ್ಲಿ ಹಿಡಿದು, ಎರಡು ನೀರೂ ಮುಟ್ಟುವ ಮರಳಿನ ಚೂಪಿನವರೆಗೆ ನಡೆದು ನಿಂತರು. ಹಸಿರಿಗೂ ಮಾಸಲಿಗೂ ನಡುವೆ ಒಂದು ಗೆರೆಯಿತ್ತು. ಅದು ನಡುಗುತ್ತಿತ್ತು, ಬಳುಕುತ್ತಿತ್ತು, ಅಳಿಸಿಹೋಗುತ್ತಿರಲಿಲ್ಲ.

"ಬೇರೆಬೇರೇನೇ ಹೋಗ್ತಿದೆ," ಎಂದರು ಅವರು, ಹಿಂದಿನ ಬೆಂಚಿಗೆ ಕೇಳುವಷ್ಟು ಗಟ್ಟಿಯಾಗಿ.

"ಎಲ್ಲೀವರೆಗೆ?"

"ನೀವೇ ಹೇಳಿ, ತಪಾಸಣೆಯವರು. ಸಂದಿ ಇದೆಯಾ ಇಲ್ವಾ? ನಿಮ್ಮ ಕಾಗದ ಇಟ್ಟು ನೋಡಿ."

ಆಕೆ ಹೇಳಿದ್ದು ತಮಾಷೆಗೆ. ಶ್ರೀಧರ್ ಜೇಬಿನಿಂದ ಕಟ್ಟು ತೆಗೆದು, ಒಂದು ಹಾಳೆ ಬಿಡಿಸಿ, ಮೊಣಕಾಲೂರಿ, ಎರಡು ನೀರು ಕೂಡುವ ಗೆರೆಯ ಮೇಲೆ ಅದನ್ನು ಮೆಲ್ಲನೆ ಇಟ್ಟರು. ಕಾಗದ ಹರಿಯಲಿಲ್ಲ. ಒಮ್ಮೆ ಹಸಿರಿನ ಕಡೆ, ಒಮ್ಮೆ ಮಾಸಲಿನ ಕಡೆ ವಾಲುತ್ತ, ಗೆರೆಯನ್ನು ಬಿಡದೆ ಸಾಗಿತು.

ಹಿಂದೆ ದಡದ ಮೇಲೆ, ಗಾಳಿಗೆ ಗಾಡಿಯ ಬಾಗಿಲು ಬಡಿದುಕೊಳ್ಳುತ್ತಿತ್ತು. ಶ್ರೀಧರ್ ತಿರುಗಿ ನೋಡಲಿಲ್ಲ. ಕಾಗದ ಕಣ್ಣು ತಪ್ಪಿಸದಿರಲೆಂದು ಇಬ್ಬರೂ ನೀರಿನಂಚಿಗೇ, ಬೇಗಬೇಗ, ನಡೆಯತೊಡಗಿದರು.